ಅಡ್ವಾನ್ಸ್‌ನಲ್ಲಿ ಪೇಂಟಿಂಗ್ ದುಡ್ಡು ಹಿಡಿಯುವ ಪದ್ಧತಿ ಎಲ್ಲಿಂದ ಬಂತು?

ತುಮಕೂರಿನ ಎಸ್.ಎಸ್. ಪುರಂ ಇರಲಿ, ಬಟವಾಡಿ ಇರಲಿ, ಬಾಡಿಗೆ ಮನೆ ಖಾಲಿ ಮಾಡುವ ದಿನ ಒಂದು ಮಾತು ಬಂದೇ ಬರುತ್ತದೆ: "ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡ್ಕೊಂಡು ಉಳಿದಿದ್ದು ಕೊಡ್ತೀನಿ." ಎರಡು ವರ್ಷ ಇದ್ದವರಿಗೂ ಅಷ್ಟೇ, ಎಂಟು ವರ್ಷ ಇದ್ದವರಿಗೂ ಅಷ್ಟೇ. ಗೋಡೆ ಹೇಗಿದೆ ಅಂತ ಯಾರೂ ನೋಡುವುದಿಲ್ಲ.

ಇದಕ್ಕೆ ಕಾನೂನು ಇದೆ, ಅದೂ ಹಳೆಯದು. 1882ರ ಆಸ್ತಿ ವರ್ಗಾವಣೆ ಕಾಯ್ದೆ. ಆಗ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿ ಒಂದು ವರ್ಷ ಆಗಿತ್ತಷ್ಟೇ. ಇವತ್ತು ನಮ್ಮ ಬಾಡಿಗೆ ಮನೆಗಳಿಗೂ ಅದೇ ಕಾಯ್ದೆ. ಬಾಡಿಗೆದಾರರು ಮನೆಯನ್ನು ತಗೊಂಡಾಗ ಇದ್ದಂತೆಯೇ ವಾಪಸ್ ಕೊಡಬೇಕು, ಆದರೆ ಸಹಜ ಬಳಕೆಯ ಸವೆತಕ್ಕೆ ಅವರು ಹೊಣೆಯಲ್ಲ ಅನ್ನುತ್ತದೆ ಅದರ 108ನೇ ಕಲಂ. ಬಣ್ಣ ಮಾಸುವುದು ಸವೆತ ಅಲ್ವಾ? ಹೌದು. ಆದರೆ ಆ ಕಲಂ ಶುರುವಾಗುವುದೇ ಒಂದು ಷರತ್ತಿನಿಂದ: ಬೇರೆ ಕರಾರು ಅಥವಾ ಊರಿನ ರೂಢಿ ಇಲ್ಲದಿದ್ದರೆ ಮಾತ್ರ ಇದು ನಡೆಯುತ್ತದೆ. ಪೇಂಟಿಂಗ್ ದುಡ್ಡು ಒಳಗೆ ಬಂದಿದ್ದು ಈ ಸಂದಿಯಲ್ಲೇ.

1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಬಾಡಿಗೆ ಪತ್ರ ನೋಂದಣಿ ಆಗಲೇಬೇಕು. ಆ ಖರ್ಚು, ಓಡಾಟ ಬೇಡ ಅಂತ 11 ತಿಂಗಳ ಕರಾರು ಹುಟ್ಟಿಕೊಂಡಿತು. ಟೈಪಿಂಗ್ ಅಂಗಡಿಯಲ್ಲಿ ಹಳೇ ಕರಾರನ್ನೇ ತೆಗೆದು ಹೆಸರು, ವಿಳಾಸ, ಬಾಡಿಗೆ ಬದಲಿಸಿ ಛಾಪಾ ಕಾಗದದ ಮೇಲೆ ಪ್ರಿಂಟ್ ಹಾಕುತ್ತಾರೆ. ಪೇಂಟಿಂಗ್ ಸಾಲು ಮಾತ್ರ ಹಾಗೇ ಉಳಿಯುತ್ತದೆ. ಓದದೆ ಸಹಿ ಹಾಕಿದರೂ ಸಹಿ ಸಹಿಯೇ.

ಅಡ್ವಾನ್ಸ್ ಇಷ್ಟು ದಪ್ಪ ಆಗಿದ್ದಕ್ಕೆ 1961ರ ರಾಜ್ಯ ಬಾಡಿಗೆ ನಿಯಂತ್ರಣ ಕಾಯ್ದೆಯ ಪಾಲೂ ಇದೆ ಅಂತ ನನ್ನ ಅನಿಸಿಕೆ. ಬಾಡಿಗೆ ಏರಿಸುವುದು ಕಷ್ಟ, ಬಿಡಿಸುವುದು ಇನ್ನೂ ಕಷ್ಟ ಅಂದಮೇಲೆ ಓನರ್ ಮೊದಲೇ ಒಂದಿಷ್ಟು ದುಡ್ಡು ಕೈಯಲ್ಲಿ ಇಟ್ಟುಕೊಳ್ಳದೆ ಇರುತ್ತಾರಾ? 1999ರ ಹೊಸ ಕಾಯ್ದೆ 2001ರ ಕೊನೆಗೆ ಜಾರಿಗೆ ಬಂತು. ದೊಡ್ಡ ಊರುಗಳಲ್ಲಿ 3,500, ಉಳಿದ ಕಡೆ 2,000 ರೂಪಾಯಿ ಬಾಡಿಗೆ ದಾಟಿದ ಮನೆಗಳನ್ನು ಅದು ಹೊರಗಿಟ್ಟಿತು. ಅಂದರೆ ಇವತ್ತಿನ ತುಮಕೂರಿನಲ್ಲಿ ಹೆಚ್ಚಿನವು ಹೊರಗೇ. ಉಳಿದಿದ್ದು ಕರಾರು ಮತ್ತು ರೂಢಿ.

ಸವೆತ ಯಾವುದು, ಹಾಳು ಮಾಡಿದ್ದು ಯಾವುದು ಅನ್ನುವುದೇ ನಿಜವಾದ ಜಗಳ. ಬುಗುಡನಹಳ್ಳಿ ಕೆರೆಯ ಹೇಮಾವತಿ ನೀರು ಬರದೆ ಬೋರ್‌ವೆಲ್ ನೀರನ್ನೇ ನಂಬಿದ ಮನೆಯ ಬಚ್ಚಲು ನೋಡಿ. ನಲ್ಲಿಯ ಬಾಯಿಗೆ ಬಿಳಿ ಉಪ್ಪು ಗಟ್ಟಿ ಕಟ್ಟಿರುತ್ತದೆ, ಟೈಲ್ಸ್ ಮಂಕಾಗಿರುತ್ತವೆ. ಅದು ನೀರಿನ ಗುಣ, ಬಾಡಿಗೆದಾರರ ತಪ್ಪಲ್ಲ. ಅದೇ ಅಡುಗೆಮನೆಯ ಗ್ರಾನೈಟ್ ಕಟ್ಟೆ ಮೇಲೆ ತೆಂಗಿನಕಾಯಿ ಒಡೆದು ಒಡೆದು ಬಿರುಕು ಬಿಟ್ಟಿದ್ದರೆ? ಅದಕ್ಕೆ ದುಡ್ಡು ಹಿಡಿಯುವುದು ನ್ಯಾಯ. ಮಕ್ಕಳು ಗೋಡೆ ತುಂಬ ಗೀಚಿದ್ದರೂ ಹಿಡಿಯಬಹುದು. ಆದರೆ ಐದು ವರ್ಷ ಬಾಳುವ ಬಣ್ಣಕ್ಕೆ ಆಗಲೇ ನಾಲ್ಕು ವರ್ಷ ಆಗಿದ್ದರೆ ಕೇಳಬೇಕಾದ್ದು ಉಳಿದ ಒಂದು ವರ್ಷದ ಪಾಲು, ಇಡೀ ಮನೆಗೆ ಹೊಸ ಪೇಂಟ್ ಅಲ್ಲ.

2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಇದನ್ನೆಲ್ಲ ಬಿಡಿಸಿ ಬರೆದಿದ್ದಾರೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಇಲ್ಲ. ಗೋಡೆಯ ಸುಣ್ಣಬಣ್ಣ, ಪೈಪು, ವೈರಿಂಗ್ ಓನರ್ ಲೆಕ್ಕಕ್ಕೆ. ನಲ್ಲಿ ವಾಷರ್, ಸ್ವಿಚ್ಚು, ಗೀಸರ್ ರಿಪೇರಿ ಬಾಡಿಗೆದಾರರ ಲೆಕ್ಕಕ್ಕೆ. ಆದರೆ ಇದು ಮಾದರಿ ಅಷ್ಟೇ. ಆಯಾ ರಾಜ್ಯ ತನ್ನದೇ ಕಾನೂನು ಮಾಡಿದರೆ ಮಾತ್ರ ಇದಕ್ಕೆ ಬಲ.

ಹಿಡಿದ ದುಡ್ಡು ವಸೂಲಿಗೆ ಮೂರು ವರ್ಷದೊಳಗೆ ಸಿವಿಲ್ ದಾವೆ ಹಾಕಬಹುದು. ಎಂಟು ಹತ್ತು ಸಾವಿರಕ್ಕೆ ವಕೀಲರನ್ನಿಟ್ಟು ಕೋರ್ಟಿಗೆ ಅಲೆಯುವವರು ಯಾರು? ಅದು ಓನರ್‌ಗೂ ಗೊತ್ತು. ಹೊಸ ಮನೆಗೆ ಅಡ್ವಾನ್ಸ್ ಕಟ್ಟಬೇಕಾದವರಿಗೆ ಹಳೇ ದುಡ್ಡು ಅವತ್ತೇ ಬೇಕಿರುತ್ತದೆ. ಸಾಮಾನಿನ ಲಾರಿ ಬೇರೆ ಬಾಗಿಲಲ್ಲಿ ನಿಂತಿರುತ್ತದೆ. ಕೊಟ್ಟಷ್ಟು ಇಸ್ಕೊಂಡು ಹೊರಡುತ್ತಾರೆ.