ಗಿಟಾರ್‌ನ ಹೊಟ್ಟೆಯೊಳಗಿನ ಪಟ್ಟಿಗಳು

ಗಿಟಾರ್‌ನ ತೂತಿನೊಳಗೆ ಕೈ ಹಾಕಿ ಮೇಲ್ಹಲಗೆಯ ಅಡಿಯನ್ನು ಸವರಿದರೆ ಮರದ ಪಟ್ಟಿಗಳು ಸಿಗುತ್ತವೆ. ಇವೇ ಬ್ರೇಸ್‌ಗಳು. ಸ್ಟೀಲ್ ತಂತಿಯ ಗಿಟಾರ್‌ನಲ್ಲಿ ಆರು ತಂತಿಗಳೂ ಸೇರಿ ಸುಮಾರು 70 ಕಿಲೋ ಭಾರದಷ್ಟು ಎಳೆಯುತ್ತವೆ. ಹಲಗೆಯ ದಪ್ಪವೋ ಬರೀ 3 ಮಿಲಿಮೀಟರ್ ಆಸುಪಾಸು. ಬ್ರೇಸ್ ಇಲ್ಲದಿದ್ದರೆ ಅದು ಉಬ್ಬಿ ಹಾಳಾಗುತ್ತದೆ. ಹಾಗಂತ ದಪ್ಪ ಪಟ್ಟಿ ಅಂಟಿಸಿದರೆ ಹಲಗೆ ಅಲುಗುವುದೇ ಇಲ್ಲ, ನಾದ ಎಲ್ಲಿಂದ ಬರಬೇಕು?

ಬ್ರೇಸ್‌ಗೆ ಸಾಮಾನ್ಯವಾಗಿ ಬಳಸುವುದು ಚಳಿನಾಡಿನ ಸ್ಪ್ರೂಸ್ ಮರ. ಹಗುರ, ಆದರೆ ಬಿಗಿ. ಒಳ್ಳೆಯ ಕೆಲಸಗಾರರು ಅದನ್ನು ಮೊದಲು ಗರಗಸದಿಂದ ಕೊಯ್ಯುವುದಿಲ್ಲ, ಸೀಳುತ್ತಾರೆ. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀಳಿದ ಅಡಕೆ ದಬ್ಬೆ ಎಷ್ಟು ಬಾಗಿದರೂ ಸುಲಭಕ್ಕೆ ಮುರಿಯುವುದಿಲ್ಲ, ಯಾಕೆಂದರೆ ನಾರು ಈ ತುದಿಯಿಂದ ಆ ತುದಿಗೆ ಕಡಿಯದೆ ಓಡಿರುತ್ತದೆ. ಬ್ರೇಸ್‌ನಲ್ಲೂ ಹಾಗೇ.

ಇನ್ನು ಕೀಸುವ ಲೆಕ್ಕ. ಪಟ್ಟಿಯ ಅಗಲವನ್ನು ನೂರಕ್ಕೆ ಹತ್ತು ಕಡಿಮೆ ಮಾಡಿದರೆ ಅದರ ಬಿಗಿಯೂ ಅಷ್ಟೇ ಕಡಿಮೆಯಾಗುತ್ತದೆ. ಎತ್ತರದ ವಿಷಯ ಬೇರೆ. ಬಿಗಿ ಎತ್ತರದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. 10 ಮಿಲಿಮೀಟರ್ ಎತ್ತರದ ಪಟ್ಟಿಯನ್ನು 9ಕ್ಕೆ ಇಳಿಸಿದರೆ ಬಿಗಿಯಲ್ಲಿ ನೂರಕ್ಕೆ 27 ಭಾಗ ಹೋಯಿತು! 5ಕ್ಕೆ ಇಳಿಸಿದರೆ ಉಳಿಯುವುದು ಎಂಟರಲ್ಲಿ ಒಂದು ಪಾಲು. ಕೊನೆಕೊನೆಗೆ ಕೀಸುಳಿಯ ಒಂದೊಂದು ಎಳೆತಕ್ಕೂ ಕೈ ತಡೆಯಬೇಕಾಗುವುದು ಇದಕ್ಕೇ. ಪಟ್ಟಿಯ ನೆತ್ತಿಯನ್ನು ಗುಂಡಗೆ ಅಥವಾ ಚೂಪಗೆ ಕೀಸುವುದೂ ಇದೇ ಲೆಕ್ಕದಿಂದ: ಎತ್ತರ ಉಳಿಯುತ್ತದೆ, ತೂಕ ಇಳಿಯುತ್ತದೆ. ತುದಿಗಳನ್ನು ಇನ್ನಷ್ಟು ತೆಳುಮಾಡಿದರೆ ಹಲಗೆಯ ಅಂಚು ಸಲೀಸಾಗಿ ಅಲುಗುತ್ತದೆ. ಹಲಗೆಯನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೀಸುವವರೂ ಇದ್ದಾರೆ. ಪಳಗಿದ ಕಿವಿಗೆ ಅದು ಸರಿ. ಹೊಸಬರು ಹಲಗೆಯ ಮೇಲೆ ಗೊತ್ತಾದ ತೂಕವಿಟ್ಟು, ಎಷ್ಟು ಬಾಗಿತು ಅಂತ ಅಳೆಯುವುದೇ ಮೇಲು ಅನ್ನುವುದು ನನ್ನ ಅಭಿಪ್ರಾಯ.

ಮೇಲ್ಹಲಗೆಗೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಾ? ಬೇಕು, ನಾದಕ್ಕೆ ಮುಖ್ಯ ಅದೇ. ಇದನ್ನು ತೋರಿಸಲೆಂದೇ ಸ್ಪೇನ್‌ನ ಗಿಟಾರ್ ತಯಾರಕ ಆಂಟೋನಿಯೊ ಡಿ ಟೊರೆಸ್ 1862ರಲ್ಲಿ ಬೆನ್ನು, ಪಕ್ಕಗಳನ್ನು ಸುಮ್ನೆ ಕಾಗದದ ರಟ್ಟಿನಲ್ಲಿ ಮಾಡಿ, ಮೇಲ್ಹಲಗೆಯನ್ನು ಮಾತ್ರ ಮರದಲ್ಲಿ ಕಟ್ಟಿದ ಗಿಟಾರ್ ಈಗಲೂ ಬಾರ್ಸಿಲೋನಾದ ಮ್ಯೂಸಿಯಂನಲ್ಲಿದೆ.

ನಮ್ಮೂರಿನ ತೊಂದರೆ ಬೇರೆ. ಮರ ತೇವ ಹೀರಿದಾಗ ನಾರಿಗೆ ಅಡ್ಡವಾಗಿ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ. ಬ್ರೇಸ್‌ಗಳು ಹಲಗೆಯ ನಾರಿಗೆ ಅಡ್ಡವಾಗಿಯೋ ಓರೆಯಾಗಿಯೋ ಕೂರುತ್ತವೆ. ಬದಿಯಡ್ಕದಲ್ಲಿ ಯಾರಾದರೂ ಜುಲೈ ಮಳೆಯಲ್ಲಿ ಬ್ರೇಸ್ ಅಂಟಿಸಿದರು ಅನ್ನಿ. ಹಲಗೆ ಆಗ ಹಿಗ್ಗಿರುತ್ತದೆ. ಅದೇ ಗಿಟಾರ್ ಆಮೇಲೆ ದುಬೈಯ ಎಸಿ ರೂಮಿಗೆ ಹೋದರೆ ಹಲಗೆ ಕುಗ್ಗಲು ನೋಡುತ್ತದೆ, ಬ್ರೇಸ್ ಬಿಡುವುದಿಲ್ಲ. ಹಲಗೆ ಒಳಕ್ಕೆ ತಗ್ಗುತ್ತದೆ, ಇಲ್ಲವೇ ಬಿರುಕು ಬಿಡುತ್ತದೆ. ಗಾಳಿಯ ತೇವ ನೂರಕ್ಕೆ 45ರಿಂದ 50 ಇರುವ ಕೋಣೆಯಲ್ಲೇ ಅಂಟಿಸಬೇಕು ಅನ್ನುವುದು ಇದಕ್ಕೆ. ಕರಾವಳಿಯ ಮಳೆಗಾಲದಲ್ಲಿ ಅಂಥ ಕೋಣೆ ತಾನಾಗಿ ಸಿಗುವುದಿಲ್ಲ. ತೇವ ಹೀರುವ ಯಂತ್ರ ಇಟ್ಟುಕೊಳ್ಳಬೇಕು, ಹಲಗೆಯನ್ನೂ ಪಟ್ಟಿಗಳನ್ನೂ ಮೊದಲೇ ಅದೇ ಕೋಣೆಯಲ್ಲಿ ಕೆಲವು ವಾರ ಬಿಡಬೇಕು. ಕೀಸುವ ಕೆಲಸ ಶುರುವಾಗುವುದು ಅದಾದ ಮೇಲೆ.