ಪದ ಪರಿಚಯ: ಲ್ಯೂಮಿನಾಸಿಟಿ, ಅಂದರೆ ಚಿತ್ರ ಒಳಗಿನಿಂದ ಬೆಳಗುವುದು

ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರು ದೀಪ ಹಿಡಿದ ಹೆಂಗಸಿನ ಆ ಚಿತ್ರವನ್ನು ನೋಡದೆ ಬರುವುದಿಲ್ಲ. ಅದು ರವಿವರ್ಮನದು ಅಂತ ತುಂಬಾ ಜನ ನಂಬಿದ್ದಾರೆ. ಅಲ್ಲ, ಎಸ್. ಎಲ್. ಹಲ್ದಂಕರ್ ಅವರದು. ಎಣ್ಣೆಬಣ್ಣವೂ ಅಲ್ಲ, ಜಲವರ್ಣ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅದಕ್ಕೆ ಅಡ್ಡ. ಬೆಳಕು ಬೆರಳುಗಳನ್ನು ತೂರಿ ಬರುತ್ತಿದೆ ಅನ್ನಿಸುತ್ತದೆ. ಬಣ್ಣ ಹಚ್ಚಿದ ಕಾಗದ ಹೀಗೆ ತಾನೇ ಬೆಳಗಿದಂತೆ ಕಾಣುವ ಗುಣಕ್ಕೆ ಕಲಾವಿದರು ಲ್ಯೂಮಿನಾಸಿಟಿ ಅನ್ನುತ್ತಾರೆ. ಮಾತಿನಲ್ಲಿ ಸುಮ್ನೆ ಗ್ಲೋ.

ಇದರಲ್ಲಿ ಒಂದು ತೊಡಕಿದೆ. ಬಣ್ಣಕ್ಕೆ ಸ್ವಂತ ಬೆಳಕಿಲ್ಲ, ಮೇಲೆ ಬಿದ್ದದ್ದನ್ನು ವಾಪಸ್ ಕೊಡುತ್ತದೆ ಅಷ್ಟೇ. ಬಿಳಿ ಕಾಗದ ವಾಪಸ್ ಕೊಡುವ ಬೆಳಕು ಕಪ್ಪು ಬಣ್ಣ ಕೊಡುವುದಕ್ಕಿಂತ ಸುಮಾರು 20-30 ಪಟ್ಟು ಜಾಸ್ತಿ ಇರಬಹುದು. ಆದರೆ ನಿಜವಾದ ದೀಪದ ಕುಡಿಗೂ ಕೋಣೆಯ ಕತ್ತಲ ಮೂಲೆಗೂ ನಡುವಿನ ಅಂತರ ಸಾವಿರಾರು ಪಟ್ಟು. ಅಷ್ಟು ದೊಡ್ಡ ಅಂತರವನ್ನು ಇಷ್ಟು ಚಿಕ್ಕ ಅಳತೆಯಲ್ಲಿ ತೋರಿಸಬೇಕು. ಹಾಗಾಗಿ ಬೆಳಕನ್ನು ಬಳಿಯಲು ಆಗುವುದಿಲ್ಲ. ಪಕ್ಕದ ಬಣ್ಣಗಳನ್ನು ಹೊಂದಿಸಿ ಕಣ್ಣನ್ನು ನಂಬಿಸಬೇಕು.

ಹೊಸಬರು ಮೊದಲು ಕೈಹಾಕುವುದು ಬಿಳಿ ಟ್ಯೂಬಿಗೆ. ಬೆಳಕು ಬೇಕಾ, ಇನ್ನಷ್ಟು ಬಿಳಿ. ಆದರೆ ಬಿಳಿ ಬೆರೆಸಿದರೆ ಬಣ್ಣ ತಿಳಿಯಾಗುವುದರ ಜೊತೆಗೆ ಅದರ ಕಸುವೂ ಹೋಗುತ್ತದೆ. ಕೆಂಪು ಪೇಲವ ಗುಲಾಬಿಯಾಗುತ್ತದೆ, ಕಿತ್ತಳೆ ಸುಣ್ಣ ಬಳಿದ ಹಾಗಾಗುತ್ತದೆ. ಸೂರ್ಯಾಸ್ತದ ಎಷ್ಟೋ ಚಿತ್ರಗಳು ಸತ್ತಂತೆ ಕಾಣುವುದು ಇದಕ್ಕೇ. ಆಕಾಶವಿಡೀ ಜೋರು ಬಣ್ಣ, ನಡುವೆ ಒಂದು ಬಿಳಿ ಚುಕ್ಕೆ. ಎಲ್ಲವೂ ಕೂಗಿದರೆ ಯಾರ ದನಿಯೂ ಕೇಳುವುದಿಲ್ಲ, ಅಲ್ವಾ?

ಬೆಳಗಿದಂತೆ ಕಾಣಲು ಎರಡು ದಾರಿಗಳಿವೆ. ಒಂದು ತಿಳಿ ಮತ್ತು ಗಾಢದ ಅಂತರ. ಬಣ್ಣ ಎಷ್ಟು ತಿಳಿ, ಎಷ್ಟು ಗಾಢ ಅನ್ನುವುದಕ್ಕೆ ಆರ್ಟ್ ಸ್ಕೂಲಿನಲ್ಲಿ ವ್ಯಾಲ್ಯೂ ಅಥವಾ ಟೋನ್ ಅನ್ನುತ್ತಾರೆ. ಹಲ್ದಂಕರ್ ಹಿಡಿದದ್ದು ಮುಖ್ಯವಾಗಿ ಈ ದಾರಿ. ತಿಳಿ ಭಾಗ ಸ್ವಲ್ಪವೇ, ಉಳಿದದ್ದೆಲ್ಲ ಗಾಢ.

ಇನ್ನೊಂದು ದಾರಿ ಬಣ್ಣ ಬಣ್ಣದ ನಡುವಿನ ಎಳೆದಾಟ. ಇದನ್ನು ಕಂಡುಕೊಂಡ ಕಥೆ ನನಗೆ ಇಷ್ಟ, ಏಕೆಂದರೆ ಅದು ಒಂದು ದೂರಿನಿಂದ ಶುರುವಾಗುತ್ತದೆ. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು ರಸಾಯನಶಾಸ್ತ್ರಜ್ಞ ಶೆವ್ರಲ್. ಕಪ್ಪು ದಾರ ಸರಿಯಾಗಿ ಕಪ್ಪಗಿಲ್ಲ ಅಂತ ದೂರು ಬಂತು. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿದ್ದ ನೀಲಿ, ನೇರಳೆ ದಾರಗಳು ಕಪ್ಪನ್ನು ಪೇಲವವಾಗಿ ಕಾಣಿಸುತ್ತಿದ್ದವು. 1839ರಲ್ಲಿ ಅವರು ಇದರ ಬಗ್ಗೆ ದೊಡ್ಡ ಪುಸ್ತಕವನ್ನೇ ಪ್ರಕಟಿಸಿದರು. ಅಕ್ಕಪಕ್ಕದ ಎರಡು ಬಣ್ಣಗಳು ಒಂದನ್ನೊಂದು ದೂರ ತಳ್ಳುತ್ತವೆ. ನೀಲಿಯ ಪಕ್ಕದ ಬೂದು ಕಿತ್ತಳೆಯ ಕಡೆ ವಾಲುತ್ತದೆ. ನೀಲಿಯ ಪಕ್ಕ ಕಿತ್ತಳೆಯನ್ನೇ ಇಟ್ಟರೆ ಎರಡೂ ಉರಿಯುತ್ತವೆ. ಇಂಥ ಜೋಡಿಗಳಿಗೆ ಪೂರಕ ಬಣ್ಣಗಳು ಎಂದು ಹೆಸರು.

ಚಿತ್ರಕಾರ ಕ್ಲೋಡ್ ಮೊನೆ 1872ರಲ್ಲಿ ಫ್ರಾನ್ಸಿನ ಲ ಹಾವ್ರ್ ಬಂದರಿನ ಸೂರ್ಯೋದಯವನ್ನು ಬಿಡಿಸಿದಾಗ ಮಾಡಿದ್ದು ಇದನ್ನೇ. ಎಲ್ಲ ಕಡೆ ನೀಲಿ ಬೆರೆತ ಬೂದು ಮಂಜು, ಅದರಲ್ಲಿ ಒಂದು ಕಿತ್ತಳೆ ಸೂರ್ಯ. ಆ ಸೂರ್ಯ ಮಿಡಿಯುತ್ತಿರುವಂತೆ ಕಾಣುತ್ತದೆ. ಹಾರ್ವರ್ಡಿನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಇದಕ್ಕೆ ಒಂದು ಕಾರಣ ಕೊಟ್ಟಿದ್ದಾರೆ. ಆ ಸೂರ್ಯ ಸುತ್ತಲಿನ ಮೋಡಕ್ಕಿಂತ ಹೆಚ್ಚೇನೂ ತಿಳಿಯಾಗಿಲ್ಲ. ವ್ಯಾಲ್ಯೂ ಹೆಚ್ಚುಕಡಿಮೆ ಒಂದೇ. ನಮ್ಮ ಮಿದುಳಿನಲ್ಲಿ ಬಣ್ಣವನ್ನು ಗುರುತಿಸುವ ಭಾಗಕ್ಕೆ ಸೂರ್ಯ ಚೆನ್ನಾಗಿ ಕಾಣುತ್ತದೆ. ವಸ್ತು ಎಲ್ಲಿದೆ, ಹೇಗೆ ಚಲಿಸುತ್ತಿದೆ ಅಂತ ನೋಡುವ ಭಾಗಕ್ಕೆ ಬಣ್ಣ ಗೊತ್ತಾಗುವುದಿಲ್ಲ, ಅದಕ್ಕೆ ಸೂರ್ಯ ಸರಿಯಾಗಿ ಸಿಗುವುದಿಲ್ಲ. ಹೀಗಾಗಿ ಅದು ನಿಂತ ಕಡೆ ನಿಲ್ಲದಂತೆ ಕಾಣುತ್ತದೆ.

ನೀವೇ ನೋಡಬಹುದು. ಆ ಚಿತ್ರವನ್ನು ಫೋನಿನಲ್ಲಿ ತೆರೆದು ಬಣ್ಣ ತೆಗೆದು ಕಪ್ಪುಬಿಳುಪು ಮಾಡಿ. ಸೂರ್ಯ ಹೆಚ್ಚುಕಡಿಮೆ ಮಾಯ! ಹಲ್ದಂಕರ್ ಚಿತ್ರಕ್ಕೂ ಹಾಗೇ ಮಾಡಿದರೆ ದೀಪದ ಬೆಳಕು ಉಳಿಯುತ್ತದೆ. ನಿಮ್ಮ ಸ್ವಂತ ಚಿತ್ರ ಯಾಕೆ ಬೆಳಗುತ್ತಿಲ್ಲ ಅಂತ ತಿಳಿಯಲೂ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಪೂರಕ ಬಣ್ಣದ ಪಾಠವನ್ನು ತರಗತಿಗಳಲ್ಲಿ ಸ್ವಲ್ಪ ಜಾಸ್ತಿಯೇ ಹೊಗಳುತ್ತಾರೆ ಅಂತ ನನ್ನ ಅನಿಸಿಕೆ. ಅಚ್ಚ ನೀಲಿ, ಅಚ್ಚ ಕಿತ್ತಳೆ ಸಮಸಮ ಹಚ್ಚಿದರೆ ಬರುವುದು ಬೆಳಕಲ್ಲ, ಕಣ್ಣುನೋವು. ಮೊನೆಯ ಸೂರ್ಯ ಉರಿಯುವುದು ಸುತ್ತಲಿನ ನೀಲಿ ಮಂಕಾಗಿರುವುದರಿಂದ, ಕಿತ್ತಳೆ ಅಷ್ಟು ಚಿಕ್ಕದಾಗಿರುವುದರಿಂದ.

ಇನ್ನೊಂದು ವಿಷಯವನ್ನು ಪುಸ್ತಕಗಳಿಗಿಂತ ಪ್ಯಾಲೆಟ್ ಬೇಗ ಕಲಿಸುತ್ತದೆ. ಬೆಳಕಿನಿಂದ ನೆರಳಿಗೆ ಇಳಿಯುವಾಗ ಹಳದಿಗೆ ಕಪ್ಪು ಬೆರೆಸಿದರೆ ಪಾಚಿ ಹಸಿರಾಗುತ್ತದೆ, ದೀಪ ಅಲ್ಲೇ ಆರುತ್ತದೆ. ತಿಳಿ ಹಳದಿಯಿಂದ ಕಿತ್ತಳೆಗೆ, ಅಲ್ಲಿಂದ ಕೆಂಪಿಗೆ, ಆಮೇಲೆ ಕೆಂಗಂದಿಗೆ ಇಳಿಯಬೇಕು. ಎಲ್ಲಕ್ಕಿಂತ ಜೋರಾದ ಕಿತ್ತಳೆ ಇರಬೇಕಾದದ್ದು ಕುಡಿಯಲ್ಲಲ್ಲ, ಅದರ ಸುತ್ತಲಿನ ಅಂಚಿನಲ್ಲಿ. ಜಲವರ್ಣದಲ್ಲಿ ಕುಡಿಯ ಜಾಗಕ್ಕೆ ಏನನ್ನೂ ಹಚ್ಚುವುದಿಲ್ಲ, ಕಾಗದವನ್ನು ಹಾಗೇ ಬಿಡುತ್ತಾರೆ.