ಗಾಳಿ ಬದಲಿಸುವುದು ಯಾವ ವೇಗವನ್ನು?

ವಿಮಾನವು ತನ್ನ ಸುತ್ತಲಿನ ಗಾಳಿಗೆ ಸಾಪೇಕ್ಷವಾಗಿ ಚಲಿಸುವ ವೇಗವನ್ನು ಏರ್‌ಸ್ಪೀಡ್ ಎಂದೂ, ನೆಲಕ್ಕೆ ಸಾಪೇಕ್ಷವಾಗಿ ಚಲಿಸುವ ವೇಗವನ್ನು ಗ್ರೌಂಡ್ ಸ್ಪೀಡ್ ಎಂದೂ ಕರೆಯುತ್ತಾರೆ. ಮೊದಲನೆಯದನ್ನು ಮುಂದಕ್ಕೆ ಬಾಯಿ ತೆರೆದಿರುವ ಪಿಟೋ ಎಂಬ ನಳಿಕೆಗೆ ನುಗ್ಗುವ ಗಾಳಿಯ ಒತ್ತಡದಿಂದ ಅಳೆಯಲಾಗುತ್ತದೆ. ಎರಡನೆಯದನ್ನು ಜಿಪಿಎಸ್ ತೋರಿಸುತ್ತದೆ. ಎದುರುಗಾಳಿಯಲ್ಲಿ ಏರ್‌ಸ್ಪೀಡ್ ಕುಗ್ಗುತ್ತದೆಂದು ತಿಳಿಯುವುದು ತಪ್ಪು. ಗಾಳಿ ಒಂದೇ ಸಮನೆ ಬೀಸುತ್ತಿರುವಾಗ ವಿಮಾನವು ಆ ಚಲಿಸುವ ಗಾಳಿಯೊಳಗೇ ಹಾರುತ್ತಿರುವುದರಿಂದ, ಎಂಜಿನ್ನಿನ ಶಕ್ತಿಯಾಗಲಿ ವಿಮಾನದ ಭಂಗಿಯಾಗಲಿ ಬದಲಾಗದ ಹೊರತು ಏರ್‌ಸ್ಪೀಡ್ ಬದಲಾಗದು. ಬದಲಾಗುವುದು ಗ್ರೌಂಡ್ ಸ್ಪೀಡ್ ಮಾತ್ರ.

ಬೆಂಗಳೂರಿನಿಂದ ಕಲಬುರಗಿಗೆ ಆಕಾಶಮಾರ್ಗದ ದೂರವನ್ನು ಲೆಕ್ಕದ ಅನುಕೂಲಕ್ಕಾಗಿ 480 ಕಿ.ಮೀ. ಎಂದೂ, ಏರ್‌ಸ್ಪೀಡನ್ನು ಗಂಟೆಗೆ 480 ಕಿ.ಮೀ. ಎಂದೂ ಇಟ್ಟುಕೊಳ್ಳೋಣ. ಗಾಳಿಯಿಲ್ಲದ ದಿನ ಹೋಗಿಬರಲು 120 ನಿಮಿಷ ಸಾಕು. ಉತ್ತರದಿಂದ ಗಂಟೆಗೆ 60 ಕಿ.ಮೀ. ಗಾಳಿಯಿದ್ದರೆ ಕಲಬುರಗಿಗೆ ಹೋಗುವಾಗ ಗ್ರೌಂಡ್ ಸ್ಪೀಡ್ 420ಕ್ಕೆ ಇಳಿದು ಸುಮಾರು 68.6 ನಿಮಿಷ ಹಿಡಿಯುತ್ತದೆ. ಮರಳುವಾಗ 540ಕ್ಕೆ ಏರಿ ಸುಮಾರು 53.3 ನಿಮಿಷ ಸಾಕಾಗುತ್ತದೆ. ಒಟ್ಟು ಸುಮಾರು 122 ನಿಮಿಷ. ಹೋಗುವಾಗ ಕಳೆದದ್ದು ಬರುವಾಗ ಪೂರ್ತಿ ದಕ್ಕುವುದಿಲ್ಲ, ಏಕೆಂದರೆ ನಿಧಾನವಾದ ಹಾರಾಟವೇ ಹೆಚ್ಚು ಹೊತ್ತು ನಡೆಯುತ್ತದೆ.

ಅದೇ ಗಾಳಿ ಪಶ್ಚಿಮದಿಂದ ಅಡ್ಡಲಾಗಿ ಬೀಸಿದರೆ, ಕೃಷ್ಣಾ ನದಿ ದಾಟುವ ಅಂಬಿಗ ಹರಿವಿನ ವಿರುದ್ಧ ಓರೆಯಾಗಿ ಹುಟ್ಟು ಹಾಕುವಂತೆ, ಪೈಲಟ್ ವಿಮಾನದ ಮೂತಿಯನ್ನು ಸುಮಾರು 7 ಡಿಗ್ರಿ ಪಶ್ಚಿಮಕ್ಕೆ ತಿರುಗಿಸಿಟ್ಟುಕೊಳ್ಳಬೇಕಾಗುತ್ತದೆ. ಆಗ ಗ್ರೌಂಡ್ ಸ್ಪೀಡ್ ಸುಮಾರು 476 ಕಿ.ಮೀ.ಗೆ ಇಳಿಯುತ್ತದೆ. ಮಾರ್ಗ ಬಿಡದೆ ಸಾಗುವಾಗ ಪೂರ್ಣ ಅಡ್ಡಗಾಳಿಯೂ ಸ್ವಲ್ಪ ವೇಗವನ್ನು ಕಸಿಯುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ.

ಏರುವಾಗ, ಇಳಿಯುವಾಗ ಎದುರುಗಾಳಿಯೇ ಹಿತ. 2019ರಲ್ಲಿ ಆರಂಭವಾದ ಕಲಬುರಗಿ ವಿಮಾನ ನಿಲ್ದಾಣದ ರನ್‌ವೇ ಪೂರ್ವ–ಪಶ್ಚಿಮವಾಗಿದೆ. ಆದ್ದರಿಂದ ಮುಂಗಾರಿನ ಪಡುವಣ ಗಾಳಿಯಲ್ಲಿ ಪಶ್ಚಿಮಕ್ಕೆ ಮುಖಮಾಡಿ ಏರುವುದು ಅನುಕೂಲ. ರೆಕ್ಕೆಗೆ ಬೇಕಾದ ಎತ್ತುವ ಬಲ ಏರ್‌ಸ್ಪೀಡನ್ನು ಅವಲಂಬಿಸುತ್ತದೆ. ಏರ್‌ಸ್ಪೀಡ್ ಗಂಟೆಗೆ 200 ಕಿ.ಮೀ. ಆಗಬೇಕಿದ್ದು ಎದುರುಗಾಳಿ 20 ಕಿ.ಮೀ. ಇದ್ದರೆ, ನೆಲದ ಮೇಲೆ 180 ಕಿ.ಮೀ. ವೇಗ ಸಾಕು, ವೇಗೋತ್ಕರ್ಷ ಒಂದೇ ಸಮನಿದೆ ಎಂದುಕೊಂಡರೆ ಓಡುವ ದೂರ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ ಸುಮಾರು ಐದನೇ ಒಂದು ಭಾಗ ಉಳಿತಾಯವಾಗುತ್ತದೆ.

ಗಾಳಿಯಿಂದ ಏರ್‌ಸ್ಪೀಡ್ ಬದಲಾಗದೆಂಬ ಮೇಲಿನ ನಿಯಮಕ್ಕೆ ಒಂದು ಅಪವಾದವಿದೆ. ಗಾಳಿ ಹಠಾತ್ತನೆ ಬದಲಾದಾಗ ಭಾರವಾದ ವಿಮಾನದ ಗ್ರೌಂಡ್ ಸ್ಪೀಡ್ ಜಡತ್ವದಿಂದಾಗಿ ತಕ್ಷಣ ಹೊಂದಿಕೊಳ್ಳದು. ಹೀಗಾಗಿ ಎದುರುಗಾಳಿ ಒಮ್ಮೆಲೇ ನಿಂತರೆ ಏರ್‌ಸ್ಪೀಡ್ ಅಷ್ಟೇ ಬೇಗ ಕುಸಿಯುತ್ತದೆ. ಗುಡುಗುಮೋಡಗಳ ಬಳಿ ಇಳಿಯುವಾಗ ಪೈಲಟ್‌ಗಳು ಅಂಜುವುದು ಇದಕ್ಕೇ.